ಒಂದೇ ಬಿಲ್ಟಿಗೆ ಎರಡು ಬಾಡಿಗೆ: ಪುಣೆಯ ಒಂದು ಡಿಪ್ಲಾಯ್‌ಮೆಂಟ್ ಪ್ರಕರಣ

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಯಿಂದ ಫೋನ್ ಬಂತು. ಮಾಡಿದವರು ನಮ್ಮ ಗ್ರಾಹಕರೊಬ್ಬರ ಅಕೌಂಟೆಂಟ್. ಅಕ್ಕಲಕೋಟೆ ಕಡೆಯವರು. ಆಫೀಸಿನಲ್ಲಿ ಎಲ್ಲರ ಜೊತೆ ಮರಾಠಿ, ನನ್ನ ಜೊತೆ ಮಾತ್ರ ಕನ್ನಡ.

"ಮೇಡಂ, ನಿಮ್ಮ ಸಾಫ್ಟ್‌ವೇರ್ ಒಂದ ಬಿಲ್ಟಿಗೆ ಎರಡ ರೇಟ್ ಹೇಳಾಕತ್ತದ ನೋಡ್ರಿ. ಪಾರ್ಟಿ ಎದುರಿಗೇ ಕುಂತಾರ. ಯಾವುದು ಖರೇ, ಯಾವುದು ಸುಳ್ಳು ಅಂತ ಹೇಳ್ಲಿ ಅವರಿಗೆ?"

ಸ್ಕ್ರೀನ್ ತೋರಿಸಿ ಅಂದೆ. ಬಿಲ್ಟಿ (ಲಾರಿ ಮಾಲಿನ ರಸೀದಿ) ತೆರೆದರು: 18,400. ಎಫ್5 ಒತ್ತಿದರು: 16,900. ಮತ್ತೆ ಒತ್ತಿದರು: 16,900. ಮತ್ತೊಮ್ಮೆ: 18,400. ಲಾರಿ ಅದೇ, ಮಾಲು ಅದೇ, ದಾರಿ ಅದೇ. ವ್ಯತ್ಯಾಸ ಸರಿಯಾಗಿ 1,500 ರೂಪಾಯಿ, ಅಂದರೆ ಒಂದು ದಿನದ ಹಾಲ್ಟಿಂಗ್, ಲಾರಿ ಕಾದು ನಿಂತದ್ದಕ್ಕೆ ಕೊಡುವ ಹಣ.

2023ರ ಗಣಪತಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ಅವತ್ತು ರಾತ್ರಿ ಕಾತ್ರಜ್‌ನಿಂದ ಹುಬ್ಬಳ್ಳಿ ಬಸ್ಸಿಗೆ ನನ್ನ ಸೀಟು ಬುಕ್ ಆಗಿತ್ತು. ಕಂಪನಿ, ಗ್ರಾಹಕರು, ಜೊತೆಗಿದ್ದವರು ಯಾರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ಹಿನ್ನೆಲೆ

ನಮ್ಮದು ಹಿಂಜವಡಿಯ ಸಣ್ಣ ಕಂಪನಿ. ಲಾರಿ ಸಾಗಣೆದಾರರಿಗೆ ಬಿಲ್ಟಿ, ಬಾಡಿಗೆ, ಬಾಕಿ ಲೆಕ್ಕ ನೋಡುವ ಸಾಫ್ಟ್‌ವೇರ್ ಮಾಡುತ್ತೇವೆ. ತಂಡದಲ್ಲಿ ಆರು ಮಂದಿ, ಅದರಲ್ಲಿ ಮೂವರು ಕನ್ನಡದವರು. ರಿಲೀಸ್ ಜವಾಬ್ದಾರಿ ಹೊತ್ತ ನಾನು ಧಾರವಾಡದವಳು. ರಿಲೀಸ್ ಕೆಲಸಗಳನ್ನು ತಾನಾಗಿ ಓಡಿಸುವ ಜೆಂಕಿನ್ಸ್ ಮತ್ತು ಸರ್ವರ್ ನೋಡಿಕೊಳ್ಳುವವನು ಬಿಜಾಪುರದ ಹುಡುಗ. ಟೆಸ್ಟಿಂಗ್‌ಗೆ ಕುಂದಾಪುರದವಳೊಬ್ಬಳು.

ಬಾಡಿಗೆ ಲೆಕ್ಕದ ಸರ್ವಿಸ್ ಜಾವಾದಲ್ಲಿದೆ. ಅದರ ಬಿಲ್ಡ್, ಅಂದರೆ ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟುವ ಕೆಲಸ, ಮೇವನ್ ಅನ್ನುವ ಸಾಧನದಲ್ಲಿ. ಮುಂಬೈನ ಒಂದು ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಹಿಡಿದ ಮೂರು ಮಷೀನುಗಳ ಮೇಲೆ, ಪ್ರೋಗ್ರಾಮುಗಳನ್ನು ಮಷೀನುಗಳಿಗೆ ಹಂಚಿ ಓಡಿಸುವ ಕುಬರ್ನೆಟೀಸ್, ಅದರೊಳಗೆ ಈ ಸರ್ವಿಸಿನ ನಾಲ್ಕು ಪಾಡ್‌ಗಳು, ಅಂದರೆ ಓಡುತ್ತಿರುವ ನಾಲ್ಕು ಪ್ರತಿಗಳು. ಸರ್ವಿಸನ್ನು ಓಡಲು ಬೇಕಾದದ್ದರ ಜೊತೆ ಕಟ್ಟಿಟ್ಟ ಗಂಟೇ ಇಮೇಜ್; ಅದನ್ನು ಇಡುವ ರಿಜಿಸ್ಟ್ರಿಯೂ ನಮ್ಮದೇ.

ಡಿಪ್ಲಾಯ್‌ಮೆಂಟಿನ (ಹೊಸ ಕೋಡನ್ನು ಸರ್ವರಿಗೆ ಹಾಕುವ ಕೆಲಸದ) ಇಡೀ ಸಂಸಾರ ಮೇವನ್ನಿನ ಸೆಟ್ಟಿಂಗ್ ಇರುವ ಪಾಮ್ ಫೈಲಿನಲ್ಲೇ ಇತ್ತು. ಯುಎಟಿ (ಟೆಸ್ಟಿಂಗ್ ಪರಿಸರ) ಪ್ರೊಫೈಲ್ ಕೊಟ್ಟರೆ ಯುಎಟಿ ಡೇಟಾಬೇಸಿನ ವಿಳಾಸವನ್ನು ಜಾರ್ (ಜಾವಾ ಪ್ರೋಗ್ರಾಮಿನ ಫೈಲ್) ಒಳಗೆ ತುಂಬಿ, ಇಮೇಜ್ ಕಟ್ಟಿ, ಅದಕ್ಕೆ 'ಯುಎಟಿ' ಅಂತ ಟ್ಯಾಗ್ ಹಚ್ಚಿ, ರಿಜಿಸ್ಟ್ರಿಗೆ ಪುಶ್ ಮಾಡಿ, ಕ್ಲಸ್ಟರಿಗೆ (ಮಷೀನುಗಳ ಗುಂಪಿಗೆ) ಅಪ್ಲೈ ಕೊಟ್ಟು, ಕೊನೆಗೆ ರೀಸ್ಟಾರ್ಟ್ ಹೊಡೆಯುವವರೆಗೆ ಎಲ್ಲಾ ಒಂದೇ ಕಮಾಂಡ್. ಕೊನೆಯ ರೀಸ್ಟಾರ್ಟ್ ಏಕೆ ಬೇಕಿತ್ತೆಂದರೆ, ಟ್ಯಾಗಿನ ಹೆಸರು ಯಾವತ್ತೂ ಅದೇ ಆದ್ದರಿಂದ ಏನು ಓಡಬೇಕು ಅಂತ ಕುಬರ್ನೆಟೀಸ್‌ಗೆ ಹೇಳುವ ಯಾಮಲ್ ಫೈಲಿನಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಬರೀ ಅಪ್ಲೈ ಕೊಟ್ಟರೆ ಕುಬರ್ನೆಟೀಸ್ 'ಏನೂ ಬದಲಾಗಿಲ್ಲ' ಅಂತ ಹೇಳಿ ಸುಮ್ಮನಾಗುತ್ತಿತ್ತು. ಯುಎಟಿಯಲ್ಲಿ ಟೆಸ್ಟ್ ಮುಗಿದ ಮೇಲೆ ಪ್ರಾಡ್ (ಗ್ರಾಹಕರು ಬಳಸುವ ಪರಿಸರ) ಪ್ರೊಫೈಲ್ ಕೊಟ್ಟು ಇದೇ ಕೆಲಸ ಇನ್ನೊಂದು ಸಲ, ಸೋರ್ಸ್ ಕೋಡಿನಿಂದ ಹೊಸದಾಗಿ. ಹೊಸಬರು ಬಂದರೆ ಒಂದೇ ಸಾಲು ಕಲಿಸಿದರೆ ಸಾಕು ಅನ್ನುವುದು ನಮಗೆ ಹೆಮ್ಮೆಯ ಮಾತಾಗಿತ್ತು.

ಗುರುವಾರ ರಾತ್ರಿ ಹಾಕಿದ್ದು ಹಾಲ್ಟಿಂಗ್ ನಿಯಮದ ಬದಲಾವಣೆ. ಹಳೆಯ ನಿಯಮದಲ್ಲಿ ಮಾಲು ಇಳಿಸುವ ಜಾಗದಲ್ಲಿ ಲಾರಿ ನಿಂತ ಮೊದಲ 24 ಗಂಟೆ ಪುಕ್ಕಟೆ, ಆಮೇಲೆ ಶುರುವಾದ ಪ್ರತಿ ದಿನಕ್ಕೆ 1,500. ಹೊಸದರಲ್ಲಿ ಪುಕ್ಕಟೆ ಅವಧಿ 12 ಗಂಟೆ ಮಾತ್ರ. ಆ ಬಿಲ್ಟಿಯ ಲಾರಿ 40 ಗಂಟೆ ನಿಂತಿತ್ತು. ಹಳೆಯ ಲೆಕ್ಕದಲ್ಲಿ ಒಂದು ದಿನ, ಹೊಸ ಲೆಕ್ಕದಲ್ಲಿ ಎರಡು. ಹಾಗಾಗಿ ಎರಡೂ ಮೊತ್ತ ಎಲ್ಲಿಂದ ಬಂದವು ಅನ್ನುವುದು ಐದು ನಿಮಿಷದಲ್ಲೇ ಗೊತ್ತಾಯಿತು. ಹೊಸ ಕೋಡ್ ಒಂದು ಕಡೆ, ಹಳೆಯ ಕೋಡ್ ಇನ್ನೊಂದು ಕಡೆ ಓಡುತ್ತಿದೆ. ಅದು ಹೇಗೆ ಸಾಧ್ಯ ಅನ್ನುವುದಕ್ಕೆ ಇಡೀ ದಿನ ಬೇಕಾಯಿತು.

ಮೊದಲ ಮದ್ದು: ರೋಲ್‌ಬ್ಯಾಕ್

ಕಾರಣ ಆಮೇಲೆ ಹುಡುಕೋಣ, ಮೊದಲು ಹಿಂದಕ್ಕೆ ತಗೊಂಡು ಹೋಗು ಅಂದೆ. ಎಲ್ಲಾ ಪುಸ್ತಕಗಳೂ ಅದನ್ನೇ ಹೇಳುತ್ತವೆ, ತಪ್ಪೇನಲ್ಲ. ಹುಡುಗ ರೋಲ್‌ಔಟ್ ಅಂಡೂ ಕೊಟ್ಟ. ಪಾಡ್‌ಗಳು ಒಂದೊಂದಾಗಿ ಸತ್ತು ಹುಟ್ಟಿದವು, ನಾಲ್ಕೂ ಹಸಿರಾದವು. ನಿಗಡಿಗೆ ಫೋನ್ ಹಚ್ಚಿ ಎಫ್5 ಒತ್ತಿ ಅಂದೆ.

"ಈಗ ಕಡಿಮಿ ಆಗೇತ್ರಿ ಮೇಡಂ. ನಾಕ್ ಸಲ ಒತ್ತಿದ್ರ ಒಂದು ಸಲ ಬರಾಕತ್ತೇತಿ."

ಈ 'ಕಡಿಮೆ ಆಗಿದೆ' ಅನ್ನುವ ಮಾತು ನಮ್ಮನ್ನು ಒಂದೂವರೆ ಗಂಟೆ ದಾರಿ ತಪ್ಪಿಸಿತು. ಕಡಿಮೆಯಾಗಿದೆ ಅಂದರೆ ಮದ್ದು ನಾಟುತ್ತಿದೆ, ಉಳಿದದ್ದು ಬ್ರೌಸರ್ ಉಳಿಸಿಟ್ಟ ಹಳೆಯ ಪ್ರತಿ (ಕ್ಯಾಶ್) ಇರಬಹುದು ಅಂದುಕೊಂಡೆವು. ನಿಜಕ್ಕೂ ಮದ್ದು ನಾಟಿರಲೇ ಇಲ್ಲ. ಪಾಡ್‌ಗಳು ಮರುಹುಟ್ಟು ಪಡೆಯುವಾಗ ಯಾವ ಮಷೀನಿಗೆ ಎಷ್ಟು ಅನ್ನುವ ಹಂಚಿಕೆ ಬದಲಾಗಿತ್ತು, ಅಷ್ಟೇ. ಹೊಸ ಕೋಡಿನ ಎರಡು ಪಾಡ್ ಇದ್ದದ್ದು ಒಂದಾಗಿತ್ತು.

ರೋಲ್‌ಔಟ್ ಅಂಡೂ ಹಿಂದಿನ ಆವೃತ್ತಿಯ ಟೆಂಪ್ಲೇಟಿಗೆ, ಅಂದರೆ ಪಾಡ್ ಹೇಗಿರಬೇಕು ಅನ್ನುವ ವಿವರಣೆಗೆ, ಮರಳುತ್ತದೆ. ನಮ್ಮ ಹಿಂದಿನ ಟೆಂಪ್ಲೇಟಿನಲ್ಲಿದ್ದ ಇಮೇಜಿನ ಹೆಸರೂ 'ಪ್ರಾಡ್', ಈಗಿನದೂ 'ಪ್ರಾಡ್'. ಎರಡರ ನಡುವೆ ಇದ್ದ ವ್ಯತ್ಯಾಸ ರೀಸ್ಟಾರ್ಟ್ ಮಾಡಿದ ಸಮಯದ ಮುದ್ರೆ ಒಂದೇ. ಎಂಟು ತಿಂಗಳಿಂದ ನಮ್ಮ ಬಳಿ ರೋಲ್‌ಬ್ಯಾಕ್ ಇದೆ ಅಂತ ನಂಬಿದ್ದೆವು, ಗ್ರಾಹಕರ ಒಪ್ಪಂದದಲ್ಲೂ ಬರೆದಿದ್ದೆವು. ಒಮ್ಮೆಯೂ ಬಳಸಿ ನೋಡಿರಲಿಲ್ಲ.

ಎರಡನೆಯ ಮದ್ದು: ಹಳೆಯ ಕೋಡಿನಿಂದ ಮತ್ತೆ ಬಿಲ್ಡ್

ಹನ್ನೊಂದೂವರೆ ಹೊತ್ತಿಗೆ ಬೇರೆ ದಾರಿ ಹಿಡಿದೆವು. ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ಹಿಂದಿನ ರಿಲೀಸಿನ ಗುರುತಿಗೆ ಹೋಗಿ, ಪ್ರಾಡ್ ಪ್ರೊಫೈಲ್ ಕೊಟ್ಟು, ಇಮೇಜನ್ನೇ ಹೊಸದಾಗಿ ಕಟ್ಟಿ ಪುಶ್ ಮಾಡಿ ರೀಸ್ಟಾರ್ಟ್ ಕೊಟ್ಟೆವು. ಆರು ನಿಮಿಷದ ಬಿಲ್ಡ್. ಜೆಂಕಿನ್ಸ್ ನೀಲಿ ಗುಂಡು ತೋರಿಸಿತು, ಅಂದರೆ ಬಿಲ್ಡ್ ಯಶಸ್ವಿ.

"ಅಕ್ಕಾ, ಏನೂ ಬದಲಾಗವಲ್ದ್ರಿ. ಹಂಗ ಐತಿ," ಅಂದ ಹುಡುಗ.

ಹೊಸದಾಗಿ ತಳ್ಳಿದ ಇಮೇಜನ್ನು ಯಾವ ಮಷೀನೂ ಮೂಸಿಯೂ ನೋಡಿರಲಿಲ್ಲ. ಆದರೆ ಅದು ಆಗ ನಮಗೆ ಹೊಳೆಯಲಿಲ್ಲ. ಮೂರರಲ್ಲಿ ಒಂದು ಮಷೀನು ಹೊಸದು ಅನ್ನುವುದು ಮಾತ್ರ ನೆನಪಾಯಿತು. ಹಳೆಯದೊಂದು ಆ ವಾರ ಕೈಕೊಟ್ಟಿತ್ತು, ಬುಧವಾರ ಅದರ ಜಾಗಕ್ಕೆ ಹೊಸದು ಸೇರಿಸಿದ್ದೆವು. ಹೊಸ ಮಷೀನಿನದೇ ಏನೋ ತಕರಾರು ಅಂತ ತೀರ್ಮಾನಿಸಿ ಅದನ್ನು ಡ್ರೇನ್ ಮಾಡಲು ಹೇಳಿದೆ, ಅಂದರೆ ಅದರ ಮೇಲಿನ ಪಾಡ್‌ಗಳನ್ನೆಲ್ಲ ಬೇರೆ ಮಷೀನುಗಳಿಗೆ ಕಳಿಸಲು.

ಡ್ರೇನ್ ಆದ ಕೂಡಲೇ ಎಲ್ಲಾ ಸರಿಹೋಯಿತು. ನಿಗಡಿಯಲ್ಲಿ ಹತ್ತು ಸಲ ಒತ್ತಿದರೂ ಅದೇ 16,900. ಈ ಪ್ರಕರಣದಲ್ಲಿ ನನಗೆ ಇವತ್ತಿಗೂ ಚುಚ್ಚುವುದು ಆ ಹತ್ತು ನಿಮಿಷ. ಹಳೆಯ ಎರಡು ಮಷೀನುಗಳ ಮೇಲೆ ನಾಲ್ಕೂ ಪಾಡ್ ಹಳೆಯ ಕೋಡಿನಲ್ಲಿ ಓಡುತ್ತಿದ್ದವು, ವ್ಯವಸ್ಥೆ ನೆಟ್ಟಗಾಗಿತ್ತು. ಅಲ್ಲಿಗೇ ಕೈ ಕಟ್ಟಿ ಕೂತು ಯೋಚಿಸಬೇಕಿತ್ತು. ನಾವು 'ಮಷೀನೇ ಕೆಟ್ಟಿತ್ತು' ಅಂತ ತೀರ್ಪು ಕೊಟ್ಟು, ಅದರಲ್ಲಿದ್ದ ಇಮೇಜ್ ಕ್ಯಾಶನ್ನು ಅಳಿಸಿ ಶುದ್ಧ ಮಾಡಿ ಮತ್ತೆ ಕೆಲಸಕ್ಕೆ ಹಚ್ಚಿದೆವು. ಭಾರ ಸಮ ಆಗಲಿ ಅಂತ ಹಳೆಯ ಮಷೀನಿನ ಒಂದು ಪಾಡ್ ಅಳಿಸಿದೆವು. ಅದು ಖಾಲಿ ಇದ್ದ ಹೊಸ ಮಷೀನಿಗೆ ಹೋಗಿ ಕೂತಿತು. ಕೂತದ್ದೇ ಬಿತ್ತು. ಎದ್ದಿತು, ಮತ್ತೆ ಬಿತ್ತು. ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್: 10 ಸೆಕೆಂಡು ಬಿಟ್ಟು ಒಮ್ಮೆ, 20 ಬಿಟ್ಟು ಒಮ್ಮೆ, 40 ಬಿಟ್ಟು ಒಮ್ಮೆ.

ಲಾಗಿನಲ್ಲಿ, ಹಾಲ್ಟಿಂಗ್ ಸ್ಲ್ಯಾಬಿನ ಸೆಟ್ಟಿಂಗ್ ಸಿಗುತ್ತಿಲ್ಲ ಅಂತ ದೂರು. ಹಾಲ್ಟಿಂಗ್ ಸ್ಲ್ಯಾಬ್ ಅನ್ನುವ ಮಾತೇ ಹಳೆಯ ಕೋಡಿನಲ್ಲಿ ಇರಲಿಲ್ಲ.

ಬಿಳಿ ಹಲಗೆಯ ಮೇಲೆ

ಊಟದ ಡಬ್ಬಿ ತೆರೆದು ಮುಚ್ಚಿಟ್ಟಿದ್ದೆವು. ಅಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದ ಕುಂದಾಪುರದವಳು ಎದ್ದು ಬಿಳಿ ಹಲಗೆಯ ಹತ್ತಿರ ಹೋದಳು. ಪಾಡ್‌ಗಳ ಪಟ್ಟಿ ತೆಗೆಯುವಾಗ ಇಮೇಜಿನ ಹೆಸರಿನ ಜೊತೆ ಇಮೇಜ್‌ಐಡಿಯನ್ನೂ, ಅಂದರೆ ಒಳಗಿನ ವಸ್ತು ಬದಲಾದರೆ ತಾನೂ ಬದಲಾಗುವ ಗುರುತನ್ನೂ, ತೋರಿಸು ಅಂತ ಹುಡುಗನಿಗೆ ಹೇಳಿದಳು. ಅವನು ಓದುತ್ತಾ ಹೋದ, ಇವಳು ಬರೆಯುತ್ತಾ ಹೋದಳು. ಪೂರ್ತಿ 64 ಅಕ್ಷರ ಯಾರು ಬರೆಯುತ್ತಾರೆ, ಮೊದಲ ನಾಲ್ಕು ಸಾಕು ಅಂದಳು.

ಮೊದಲನೆಯ ಪಾಡ್, 9ಎಫ್2ಎ. ಎರಡನೆಯದು, 9ಎಫ್2ಎ. ಮೂರನೆಯದು, 9ಎಫ್2ಎ. ಬಿದ್ದು ಎದ್ದು ಮಾಡುತ್ತಿದ್ದದ್ದು, ಸಿ07ಇ.

"ಹೆಸರು ನಾಲ್ಕಕ್ಕೂ ಪ್ರಾಡ್. ಒಳಗೆ ಎರಡು ನಮೂನೆ ಉಂಟಲ್ಲ ಮಾರಾಯ್ರೆ," ಅಂದಳು. "ನಿನ್ನೆ ರಾತ್ರಿ ಪುಶ್ ಮಾಡಿದ್ದು ಯಾವುದು ನೋಡು."

ಗುರುವಾರದ ಜೆಂಕಿನ್ಸ್ ಲಾಗಿನ ತಳದಲ್ಲಿ ಪುಶ್ ಆದಾಗಿನ ಡೈಜೆಸ್ಟ್, ಅದೇ ಬಗೆಯ ಗುರುತು, ಇತ್ತು: 41ಬಿ8. ಇದು ಎರಡೂ ಅಲ್ಲ. ಒಂದು ಹೆಸರು, ಮೂರು ಇಮೇಜ್. ಆ ಹಲಗೆಯ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ.

ಅಲ್ಲಿಂದ ಮುಂದೆ ಗಂಟು ತಾನಾಗಿ ಬಿಚ್ಚಿಕೊಂಡಿತು. ಹಳೆಯ ಎರಡು ಮಷೀನುಗಳ ಡಿಸ್ಕಿನಲ್ಲಿ 'ಪ್ರಾಡ್' ಹೆಸರಿನ ಹಳೆಯ ಇಮೇಜ್ ಆಗಲೇ ಇತ್ತು. ಹೆಸರು ಇದೆಯಲ್ಲ, ಮತ್ತೇಕೆ ತರಬೇಕು ಅಂತ ಅವು ರಿಜಿಸ್ಟ್ರಿಯ ಕಡೆ ತಿರುಗಿಯೂ ನೋಡಲಿಲ್ಲ. ಬುಧವಾರ ಸೇರಿದ ಮಷೀನಿಗೆ ಗುರುವಾರದವರೆಗೆ ಈ ಸರ್ವಿಸಿನ ಒಂದು ಪಾಡೂ ಹೋಗಿರಲಿಲ್ಲ, ಏಕೆಂದರೆ ಓಡುತ್ತಿರುವ ಪಾಡ್‌ಗಳನ್ನು ಕುಬರ್ನೆಟೀಸ್ ತಾನಾಗಿ ಹೊಸ ಮಷೀನಿಗೆ ಸಾಗಿಸುವುದಿಲ್ಲ. ಗುರುವಾರ ರಾತ್ರಿಯ ರೀಸ್ಟಾರ್ಟಿನಲ್ಲಿ ಎರಡು ಪಾಡ್ ಅಲ್ಲಿಗೆ ಹೋದವು, ಡಿಸ್ಕ್ ಖಾಲಿ ಇದ್ದದ್ದರಿಂದ ಅದೊಂದೇ ಮಷೀನು ಹೊಸ ಇಮೇಜ್ ತಂದಿತು. ನಾವು ಅದರ ಕ್ಯಾಶ್ ಅಳಿಸಿದಾಗ, ಬೆಳಿಗ್ಗೆ ಮರುಕಟ್ಟಿದ ಮೂರನೆಯ ಇಮೇಜ್ ಬಂದು ಕೂತಿತು.

ಮರುಕಟ್ಟಿದ್ದು ಹಳೆಯ ಕೋಡಿನಿಂದಲೇ ಅಲ್ಲವೇ, ಅದು ಬಿದ್ದದ್ದೇಕೆ? ನಮ್ಮ ಕೋಡೇನೋ ಹಳೆಯದು. ಅದು ಬಳಸುವ ದರಪಟ್ಟಿಯ ಲೈಬ್ರರಿಯನ್ನು (ಬೇರೆಯಾಗಿ ಬರೆದ ಕೋಡಿನ ಕಟ್ಟನ್ನು) ಪಾಮ್‌ನಲ್ಲಿ ಸ್ನ್ಯಾಪ್‌ಶಾಟ್ ಆವೃತ್ತಿಯಾಗಿ ಬರೆದಿದ್ದೆವು. ಸ್ನ್ಯಾಪ್‌ಶಾಟ್ ಅಂದರೆ ಬಿಲ್ಡ್ ಆಗುವ ಹೊತ್ತಿಗೆ ಯಾವುದು ತೀರಾ ಹೊಸದೋ ಅದು. ಹಳೆಯ ಕೋಡಿಗೆ ಈ ವಾರದ ಲೈಬ್ರರಿ ಬಂದು ಅಂಟಿಕೊಂಡಿತು, ಹಳೆಯ ಕೋಡಿನಲ್ಲಿಲ್ಲದ ಹಾಲ್ಟಿಂಗ್ ಸ್ಲ್ಯಾಬನ್ನು ಕೇಳಿತು. ಬೆಚ್ಚಗೆ ಕೂತು ಯೋಚಿಸಿದರೆ ಇನ್ನೂ ಭಯವಾಗುವ ಮಾತೊಂದಿದೆ. ಯುಎಟಿಗೆ ಒಂದು ಬಿಲ್ಡ್, ಪ್ರಾಡ್‌ಗೆ ಇನ್ನೊಂದು ಬಿಲ್ಡ್ ಮಾಡುತ್ತಿದ್ದ ನಾವು, ಟೆಸ್ಟ್ ಮಾಡಿದ್ದನ್ನೇ ಗ್ರಾಹಕರಿಗೆ ಕೊಟ್ಟಿದ್ದೇವೆ ಅಂತ ಯಾವ ರಿಲೀಸಿನ ಬಗ್ಗೆಯೂ ಎದೆ ತಟ್ಟಿ ಹೇಳುವಂತಿರಲಿಲ್ಲ.

ಆ ಹೊತ್ತಿನ ಪರಿಹಾರ ಸಣ್ಣದು. ಯಾಮಲ್‌ನಲ್ಲಿ 'ಪ್ರಾಡ್' ಅನ್ನುವ ಟ್ಯಾಗ್ ತೆಗೆದು 9ಎಫ್2ಎ ಇಂದ ಶುರುವಾಗುವ ಪೂರ್ತಿ ಡೈಜೆಸ್ಟ್ ಬರೆದೆವು. ಟ್ಯಾಗ್ ಕಳೆದುಕೊಂಡಿದ್ದರೂ ಆ ಇಮೇಜ್ ರಿಜಿಸ್ಟ್ರಿಯಲ್ಲಿ ಇನ್ನೂ ಉಸಿರಾಡುತ್ತಿತ್ತು. ಟ್ಯಾಗ್ ಇಲ್ಲದ ಇಮೇಜುಗಳನ್ನು ಗುಡಿಸಿ ಹಾಕುವ ಕೆಲಸ ನಮ್ಮಲ್ಲಿ ಭಾನುವಾರ ರಾತ್ರಿ ಓಡುತ್ತದೆ. ಫೋನ್ ಸೋಮವಾರ ಬಂದಿದ್ದರೆ ಇಷ್ಟು ಸುಲಭ ಇರಲಿಲ್ಲ. ಮೂರೂಕಾಲಿಗೆ ನಾಲ್ಕೂ ಪಾಡ್ ಒಂದೇ ಡೈಜೆಸ್ಟಿನಲ್ಲಿದ್ದವು. ತಪ್ಪು ಮೊತ್ತ ಹೋದ 43 ಬಿಲ್ಟಿಗಳನ್ನು ನಿಗಡಿಯವರು ಕೈಯಾರೆ ತಿದ್ದಿದರು. ನಾನು ಬಸ್ಸು ಹತ್ತಿದೆ, ಸಾತಾರಾ ದಾಟುವವರೆಗೂ ನಿದ್ದೆ ಬರಲಿಲ್ಲ.

ಹಾಗಾದರೆ ಎಂಟು ತಿಂಗಳು ನಡೆದದ್ದು ಹೇಗೆ

ಬಸ್ಸಿನಲ್ಲಿ ತಲೆ ತಿನ್ನುತ್ತಿದ್ದ ಪ್ರಶ್ನೆ ಇದು. ಹಬ್ಬ ಮುಗಿಸಿ ಬಂದು ಗಿಟ್ ಇತಿಹಾಸ ಅಗೆದೆವು.

ಜನವರಿಗೆ ಮುಂಚೆ ನಮ್ಮ ಟ್ಯಾಗ್ 'ಲೇಟೆಸ್ಟ್' ಅಂತ ಇತ್ತು. ಲೇಟೆಸ್ಟ್ ಬಳಸಬಾರದು ಅಂತ ಎಲ್ಲೆಡೆ ಹೇಳುತ್ತಾರೆ. ಅದನ್ನು ಓದಿ ಟ್ಯಾಗನ್ನು 'ಪ್ರಾಡ್' ಅಂತ ಬದಲಿಸಿದವಳು ನಾನೇ. ಬುದ್ಧಿವಾದದ ಅಕ್ಷರ ಪಾಲಿಸಿದೆ, ಅರ್ಥ ಬಿಟ್ಟೆ. ಲೇಟೆಸ್ಟ್ ಬೇಡ ಅನ್ನುವುದು ಆ ಶಬ್ದದ ಮೇಲಿನ ಸಿಟ್ಟಿನಿಂದಲ್ಲ, ಒಂದೇ ಹೆಸರನ್ನು ದಿನಕ್ಕೊಂದು ವಸ್ತುವಿಗೆ ಅಂಟಿಸಬೇಡಿ ಅಂತ. ನಾನು ಬೋರ್ಡು ಬದಲಿಸಿದೆ, ಅಂಗಡಿ ಅದೇ ಇತ್ತು.

ಇಮೇಜನ್ನು ಯಾವಾಗ ತರಬೇಕು ಅನ್ನುವ ಇಮೇಜ್‌ಪುಲ್‌ಪಾಲಿಸಿಯನ್ನು ನಾವು ಎಲ್ಲೂ ಬರೆದಿರಲಿಲ್ಲ. ಬರೆಯದಿದ್ದರೆ, ಟ್ಯಾಗ್ ಲೇಟೆಸ್ಟ್ ಆಗಿದ್ದಾಗ ಕುಬರ್ನೆಟೀಸ್ ಅದನ್ನು 'ಆಲ್ವೇಸ್' (ಪ್ರತಿ ಸಲ ರಿಜಿಸ್ಟ್ರಿ ನೋಡು) ಅಂತ ತುಂಬುತ್ತದೆ, ಬೇರೆ ಟ್ಯಾಗ್ ಇದ್ದರೆ 'ಇಫ್‌ನಾಟ್‌ಪ್ರೆಸೆಂಟ್' (ಡಿಸ್ಕಿನಲ್ಲಿ ಇಲ್ಲದಿದ್ದರೆ ಮಾತ್ರ ತಾ). ಹಾಗಿದ್ದರೆ ಜನವರಿಯಲ್ಲೇ ಕೆಡಬೇಕಿತ್ತು. ಕೆಡಲಿಲ್ಲ, ಏಕೆಂದರೆ ಹೀಗೆ ತಾನಾಗಿ ತುಂಬುವುದು ಡಿಪ್ಲಾಯ್‌ಮೆಂಟ್ (ಕುಬರ್ನೆಟೀಸ್ ಒಳಗೆ ಈ ಸರ್ವಿಸಿನ ದಾಖಲೆ) ಮೊದಲ ಸಲ ಹುಟ್ಟುವಾಗ ಮಾತ್ರ. ಆಮೇಲೆ ಟ್ಯಾಗ್ ಬದಲಿಸಿದರೂ ಪಾಲಿಸಿ ಹಾಗೇ ಉಳಿಯುತ್ತದೆ. ಲೇಟೆಸ್ಟ್ ಕಾಲದ ಆಲ್ವೇಸ್ ನಮ್ಮನ್ನು ಆಗಸ್ಟ್ ತನಕ ಕಾಯಿತು.

ಆಗಸ್ಟ್ ಕೊನೆಯಲ್ಲಿ ಲೇಬಲ್‌ಗಳಿಗೆಲ್ಲ ಒಂದೇ ರೀತಿ ಹೆಸರಿಡೋಣ ಅಂತ ಹೊರಟೆವು. ಯಾವ ಲೇಬಲ್ಲಿನ ಪಾಡ್‌ಗಳು ತನ್ನವು ಅಂತ ಹೇಳುವ ಸೆಲೆಕ್ಟರ್ ಬದಲಿಸಿದಾಗ ಅಪ್ಲೈ ಒಪ್ಪಲಿಲ್ಲ, ಆ ಜಾಗವನ್ನು ಒಮ್ಮೆ ಬರೆದ ಮೇಲೆ ತಿದ್ದುವಂತಿಲ್ಲ. ಹುಡುಗ ಡಿಪ್ಲಾಯ್‌ಮೆಂಟನ್ನು ಅಳಿಸಿ ಹೊಸದಾಗಿ ಸೃಷ್ಟಿಸಿದ. ಅದು ಸರಿಯಾದ ಕ್ರಮವೇ. ಆದರೆ ಮರುಹುಟ್ಟಿನಲ್ಲಿ ಟ್ಯಾಗ್ 'ಪ್ರಾಡ್' ಇತ್ತು, ಪಾಲಿಸಿ ಸದ್ದಿಲ್ಲದೆ ಇಫ್‌ನಾಟ್‌ಪ್ರೆಸೆಂಟ್ ಆಯಿತು. ಫೈಲಿನಲ್ಲಿ ಎಲ್ಲೂ ಕಾಣದ ಬದಲಾವಣೆ. ಅದಾದ ಮೇಲಿನ ಮೊದಲ ರಿಲೀಸೇ ಆ ಗುರುವಾರದ್ದು.

ಮೂರೂ ಮಷೀನು ಹಳೆಯವೇ ಆಗಿದ್ದರೆ ನಾಲ್ಕೂ ಪಾಡ್ ಹಳೆಯ ಕೋಡನ್ನೇ ಓಡಿಸುತ್ತಿದ್ದವು, 'ರಿಲೀಸ್ ಹೋಗೇ ಇಲ್ಲ' ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ಬುಧವಾರದ ಹೊಸ ಮಷೀನು ಅದನ್ನು ಅರ್ಧಂಬರ್ಧ ಮಾಡಿ ನಮ್ಮನ್ನು ಆಟ ಆಡಿಸಿತು.

ಒಂದು ಸಾಲಿನ ದಾರಿ, ಮೂರು ವಾರದ ದಾರಿ

ಮುಂದೇನು ಅನ್ನುವ ಮೀಟಿಂಗಿನಲ್ಲಿ ಜಗಳವೇ ಆಯಿತು. ಹುಡುಗನ ವಾದ ಸರಳ: "ಆಲ್ವೇಸ್ ಅಂತ ಒಂದ್ ಸಾಲ ಬರದ್ರ ಮುಗೀತಲ್ರಿ ಅಕ್ಕಾ. ಇದ್ದ ಪೈಪ್‌ಲೈನ್ ಯಾಕ್ ಕೆಡವೂದು?" ನಮ್ಮ ಮ್ಯಾನೇಜರಿಗೂ ಅದೇ ಹಿಡಿಸಿತ್ತು. ಒಂದು ಸಾಲು, ಖರ್ಚಿಲ್ಲ.

ನಾನು ಒಪ್ಪಲಿಲ್ಲ. ಆಲ್ವೇಸ್ ಬರೆದರೆ ನಾಲ್ಕೂ ಪಾಡ್ ಒಂದೇ ಆಗುತ್ತವೆ ನಿಜ, ಆದರೆ ರೋಲ್‌ಬ್ಯಾಕ್ ಆಗಲೂ ಸುಳ್ಳೇ. ಹಿಂದಿನದಕ್ಕೂ ಈಗಿನದಕ್ಕೂ ಹೆಸರು ಒಂದೇ ಇರುವವರೆಗೆ ಹಿಂದೆ ಹೋಗಲು ಜಾಗವೇ ಇಲ್ಲ. ಇನ್ನೊಂದು, ರಾತ್ರಿ ಎರಡಕ್ಕೆ ಮೆಮೊರಿ ಸಾಲದೆ ಒಂದು ಮಷೀನಿನಿಂದ ಪಾಡ್ ಹೊರಬಿದ್ದರೆ, ಬೇರೆಡೆ ಹುಟ್ಟುವ ಪಾಡ್ ಆ ಹೊತ್ತಿಗೆ ರಿಜಿಸ್ಟ್ರಿಯಲ್ಲಿ 'ಪ್ರಾಡ್' ಅಂತ ಯಾವುದಿದೆಯೋ ಅದನ್ನು ತರುತ್ತದೆ. ಯಾರೋ ಅರ್ಧ ರಿಲೀಸ್ ಮಾಡಿ ನಿಲ್ಲಿಸಿದ್ದರೆ ಅದೇ ಓಡುತ್ತದೆ. ಕೊನೆಗೆ ಮ್ಯಾನೇಜರನ್ನು ಒಪ್ಪಿಸಿದ್ದು ಈ ವಾದಗಳಲ್ಲ. ಅದೇ ಬಿಳಿ ಹಲಗೆಯ ಫೋಟೋ ತೋರಿಸಿ, "ಈ ಮೂರರಲ್ಲಿ ಯುಎಟಿಯಲ್ಲಿ ಪಾಸ್ ಆದದ್ದು ಯಾವುದು?" ಅಂತ ಕೇಳಿದಳು ಕುಂದಾಪುರದವಳು. ಉತ್ತರ, ಯಾವುದೂ ಅಲ್ಲ.

ಮೂರು ವಾರ ಹಿಡಿಯಿತು. ಪಾಮ್ ಫೈಲಿನಿಂದ ಯುಎಟಿ, ಪ್ರಾಡ್ ಅನ್ನುವ ಪ್ರೊಫೈಲುಗಳನ್ನೇ ಕಿತ್ತುಹಾಕಿದೆವು. ಬಿಲ್ಡ್‌ಗೆ ಇಮೇಜ್ ಕಟ್ಟುವುದು ಮಾತ್ರ ಗೊತ್ತಿರಬೇಕು, ಅದು ಎಲ್ಲಿ ಓಡುತ್ತದೆ ಅನ್ನುವುದು ಗೊತ್ತಿರಬಾರದು. ಡೇಟಾಬೇಸ್ ವಿಳಾಸಗಳು ಜಾರ್‌ನಿಂದ ಹೊರಬಂದು, ಕುಬರ್ನೆಟೀಸ್ ಸೆಟ್ಟಿಂಗ್‌ಗಳನ್ನು ಇಡುವ ಕಾನ್ಫಿಗ್‌ಮ್ಯಾಪ್ ಸೇರಿದವು, ಪಾಸ್‌ವರ್ಡ್‌ಗಳು ಗುಟ್ಟಿನವನ್ನು ಇಡುವ ಸೀಕ್ರೆಟ್‌ಗೆ. ಸರ್ವಿಸ್ ಬಳಸುವ ಜಾವಾ ಚೌಕಟ್ಟು ಸ್ಪ್ರಿಂಗ್ ಬೂಟ್, ಹೊರಗಿನಿಂದ ಕೊಡುವ ಪರಿಸರದ ವೇರಿಯಬಲ್‌ಗಳನ್ನು ತಾನಾಗಿ ಓದಿಕೊಳ್ಳುವುದರಿಂದ ಕೋಡ್ ಹೆಚ್ಚು ಮುಟ್ಟಬೇಕಾಗಲಿಲ್ಲ. ಇಮೇಜ್ ಕಟ್ಟಲು 2018ರಲ್ಲಿ ಗೂಗಲ್ ಬಿಡುಗಡೆ ಮಾಡಿದ ಜಿಬ್ ಪ್ಲಗಿನ್ ಹಾಕಿದೆವು. ಅದು ಪುಶ್ ಆದ ಇಮೇಜಿನ ಡೈಜೆಸ್ಟನ್ನು ಟಾರ್ಗೆಟ್ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲಾಗಿ ಇಟ್ಟುಹೋಗುತ್ತದೆ. ಜೆಂಕಿನ್ಸ್ ಅದನ್ನು ಓದಿ, ಯಾಮಲ್ ಹೊಂದಿಸುವ ಸಾಧನವಾದ ಕಸ್ಟಮೈಸ್‌ನ ಫೈಲಿಗೆ ಬರೆದು ಗಿಟ್‌ಗೆ ಕಮಿಟ್ ಮಾಡುತ್ತದೆ. ಯುಎಟಿಯಲ್ಲಿ ಪಾಸಾದ ಅದೇ ಡೈಜೆಸ್ಟಿನ ಸಾಲನ್ನು ಪ್ರಾಡ್ ಫೈಲಿಗೆ ನಕಲು ಮಾಡುವುದೇ ರಿಲೀಸ್. ಯಾಮಲ್ ಈಗ ನಿಜಕ್ಕೂ ಬದಲಾಗುವುದರಿಂದ ಬಲವಂತದ ರೀಸ್ಟಾರ್ಟ್ ಬೇಕಿಲ್ಲ. ಸ್ನ್ಯಾಪ್‌ಶಾಟ್ ಲೈಬ್ರರಿ ಇದ್ದರೆ ಬಿಲ್ಡ್ ನಿಲ್ಲುವಂತೆ ಮೇವನ್ ಎನ್‌ಫೋರ್ಸರ್ ನಿಯಮ ಹಾಕಿದೆವು. ದರಪಟ್ಟಿ ಲೈಬ್ರರಿಯ ಹುಡುಗರು ಪ್ರತಿ ಸಲ ಆವೃತ್ತಿ ಸಂಖ್ಯೆ ಕೊಡಬೇಕಲ್ಲ ಅಂತ ಇವತ್ತಿಗೂ ಗೊಣಗುತ್ತಾರೆ.

ಹೊಸ ವ್ಯವಸ್ಥೆಗೂ ತನ್ನದೇ ಕಿರಿಕಿರಿಗಳಿದ್ದವು. ಜಿಬ್ ಒಂದೇ ಸೋರ್ಸಿಗೆ ಒಂದೇ ಇಮೇಜ್ ಬರಲಿ ಅಂತ ಹುಟ್ಟಿದ ದಿನಾಂಕವನ್ನು 1970ರ ಜನವರಿ 1 ಅಂತಲೇ ಬರೆಯುತ್ತದೆ. ಪಟ್ಟಿಯಲ್ಲಿ '53 ವರ್ಷದ ಹಿಂದೆ' ಅಂತ ನೋಡಿ ಮ್ಯಾನೇಜರ್ ರಾತ್ರಿ ನನಗೆ ಫೋನ್ ಮಾಡಿದ್ದರು. ಕಾನ್ಫಿಗ್‌ಮ್ಯಾಪ್‌ನಲ್ಲಿ ಮೌಲ್ಯ ಬದಲಿಸಿದರೂ ಓಡುತ್ತಿರುವ ಪಾಡ್‌ಗಳಲ್ಲಿನ ಪರಿಸರ ವೇರಿಯಬಲ್ ಬದಲಾಗುವುದಿಲ್ಲ ಅನ್ನುವುದನ್ನು ಒಂದು ಮಧ್ಯಾಹ್ನ ಕಳೆದುಕೊಂಡು ಕಲಿತೆವು. ಆಮೇಲೆ ಕಸ್ಟಮೈಸ್‌ನ ಜನರೇಟರ್ ಬಳಸಿದೆವು, ಅದು ಒಳಗಿನ ಮೌಲ್ಯ ಬದಲಾದಂತೆ ಕಾನ್ಫಿಗ್‌ಮ್ಯಾಪಿನ ಹೆಸರಿನ ಬಾಲವನ್ನೂ ಬದಲಿಸುತ್ತದೆ, ಪಾಡ್‌ಗಳು ತಾವಾಗಿ ಹೊಸದಾಗುತ್ತವೆ. ಡಿಸ್ಕ್ ತುಂಬುವ ವೇಗವೂ ಹೆಚ್ಚಿತು. ಭಾನುವಾರದ ಕಸಗುಡಿಸುವ ಕೆಲಸಕ್ಕೆ, ಗಿಟ್‌ನ ಕೊನೆಯ 20 ರಿಲೀಸುಗಳ ಡೈಜೆಸ್ಟ್ ಮುಟ್ಟಬೇಡ ಅಂತ ಪಟ್ಟಿ ಕೊಟ್ಟಿದ್ದೇವೆ.

ಡಿಸೆಂಬರಿನಲ್ಲಿ ಒಂದು ರಿಲೀಸ್ ಕೆಟ್ಟಿತು, ಟೋಲ್ ಲೆಕ್ಕದ್ದು. ಹುಡುಗ ಗಿಟ್‌ನಲ್ಲಿ ಒಂದು ಕಮಿಟ್ ರಿವರ್ಟ್ ಮಾಡಿದ. ಚಹಾ ಆರುವ ಮುಂಚೆ ನಾಲ್ಕೂ ಪಾಡ್ ಹಿಂದಿನ ಡೈಜೆಸ್ಟಿಗೆ ಹೋಗಿದ್ದವು. ಈ ಸಲ ಅವನು ನನಗೆ ಹೇಳಿದ್ದು ಸಂಖ್ಯೆ, 'ಹಳೇದು ಹಾಕೀನ್ರಿ' ಅಂತಲ್ಲ: "ಅಕ್ಕಾ, 7ಡಿ30ಕ್ಕ ಹೋಗೀವ್ರಿ."

ಬಾಕಿ ವಸೂಲಿಯ ಸರ್ವಿಸ್ ಒಂದು ಇನ್ನೂ ಹಳೆಯ ಪಾಮ್‌ನಲ್ಲೇ ಇದೆ, 'ಪ್ರಾಡ್' ಟ್ಯಾಗ್ ಮತ್ತು ಒಂದು ಸಾಲು ಆಲ್ವೇಸ್ ಜೊತೆ. ಮಾರ್ಚ್ ಲೆಕ್ಕ ಮುಗಿಯುವವರೆಗೆ ಅದನ್ನು ಮುಟ್ಟುವುದು ಬೇಡ ಅಂತ ಗ್ರಾಹಕರೇ ಕೇಳಿಕೊಂಡಿದ್ದಾರೆ. ಏಪ್ರಿಲ್ ಮೊದಲ ವಾರಕ್ಕೆ ಬರೆದುಕೊಂಡಿದ್ದೇನೆ.